ಮಾವ ಬಂದರೂ ಏಳದ ಸೊಸೆ

ಬೆಳಂಬಾರ, ಅಂಕೋಲಾ ತಾಲೂಕು
ತಾ. ೧೧-೩-೧೯೯೨, ಬುಧವಾರ

ಚಿರಂಜೀವಿ ಪ್ರಕಾಶನಿಗೆ ನಿನ್ನ ಅಪ್ಪನ ಆಶೀರ್ವಾದ.

ಜಬಲ್ಪುರದ ಚಳಿ ಇಳಿಯಿತೇ? ಸಂಕ್ರಾಂತಿಯ ಹೊತ್ತಿಗೆ ಹಿಡಿದ ಕೆಮ್ಮು ಹೋಯಿತೇ ಎಂದು ನಿನ್ನ ಅವ್ವಿ ದಿನಕ್ಕೆರಡು ಸಲ ಕೇಳುತ್ತಾಳೆ, ಆ ಕೆಮ್ಮು ನನ್ನ ಜೇಬಿನಲ್ಲೇ ಇದೆ ಎಂಬ ಹಾಗೆ. ಕಾಳುಮೆಣಸು, ಶುಂಠಿ ಹಾಕಿ ಕಷಾಯ ಮಾಡಿಕೊಳ್ಳಬೇಕಂತೆ. ಮಿಲಿಟರಿ ಪಲ್ಟಣಿಯಲ್ಲಿ ಅದನ್ನೆಲ್ಲ ಯಾರು ಕಾಯಿಸಿ ಕೊಡುತ್ತಾರೆ ಎಂದರೆ ಅವಳಿಗೆ ಸಿಟ್ಟು. ನಾವು ಇಲ್ಲಿ ಕ್ಷೇಮ. ನನ್ನ ಎಡ ಮೊಣಕಾಲು ಮೊದಲಿನ ಹಾಗೇ ಇದೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಶೇಂಗಾ ಚೆನ್ನಾಗಿ ಎದ್ದಿದೆ. ಹಿತ್ತಲಿನ ಇಶಾಡು ಮಾವು ಈ ವರ್ಷ ಮೈತುಂಬ ಹೂ ಬಿಟ್ಟಿತ್ತು, ಈಗ ಗೋಲಿಯಷ್ಟು ಮಿಡಿ ಕಚ್ಚಿದೆ. ನೀನು ಮೇ ತಿಂಗಳಲ್ಲಿ ಬರುವಾಗ ಹಣ್ಣಿಗೆ ಕೊರತೆಯಿಲ್ಲ. ಪತ್ರ ಉದ್ದವಾಗುತ್ತದೆಂದು ಗೊತ್ತಿದ್ದೇ, ನಾಟಕದ ಮಾತುಗಳನ್ನು ನಕಲು ಮಾಡಲು ಇಟ್ಟುಕೊಂಡಿದ್ದ ಉದ್ದ ಹಾಳೆ ತೆಗೆದುಕೊಂಡಿದ್ದೇನೆ. ನಾಲ್ಕನೇ ಇಯತ್ತೆಯ ಓದಾದರೂ ನನ್ನ ಅಕ್ಷರ ಮುತ್ತಿನ ಹಾಗೆ ಎಂದು ಊರೇ ಹೇಳುತ್ತದೆ. ಈ ಸಲ ಸೊಟ್ಟಗಾಗಿದ್ದರೆ ಮುದುಕನಾದ ಎಂದುಕೊಳ್ಳಬೇಡ. ಕಾರಣ ಬೇರೆ ಇದೆ.

ನಿನ್ನ ಪತ್ರ ಹೋದ ಶನಿವಾರ ಬಂತು. ನಿನ್ನ ಹೆಂಡತಿ ವಿದ್ಯಾ, ತಾನು ಕಾರವಾರದಲ್ಲಿ ಹಿಂದಿ ನಾಟಕದಲ್ಲಿ ಪಾತ್ರ ಮಾಡುತ್ತೇನೆಂದು ಖುಷಿಯಿಂದ ನಿನಗೆ ಬರೆದಿದ್ದಳು. ನೀನು ಉತ್ತರವನ್ನು ಅವಳಿಗೆ ಬರೆಯಲಿಲ್ಲ, ನನಗೆ ಬರೆದೆ. ನಾಲ್ಕು ಜನರ ಮುಂದೆ ಕುಣಿಯುವ ಹೆಂಡತಿ ನನಗೆ ಬೇಡ, ನಾಟಕ ನಿಲ್ಲಿಸಿ, ಹಿಂದಿ ತರಗತಿ ಬಿಡಿಸಿ, ಕೇಳದಿದ್ದರೆ ನಾನು ರಜೆಗೆ ಬರುವಷ್ಟರಲ್ಲಿ ಅವಳು ಸದಾಶಿವಗಡದ ತವರಿಗೆ ಹೋಗಿರಬೇಕು ಎಂದು ಬರೆದಿದ್ದೆ. ಹಿಂದಿ ಕಲಿ, ಕಲಿತರೆ ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಮದುವೆಯಾದ ವರ್ಷ ಅವಳ ತಲೆಯಲ್ಲಿ ಹುಳ ಬಿಟ್ಟವನು ನೀನೇ. ಅವಳು ಎರಡು ಪರೀಕ್ಷೆ ಪಾಸಾಗಿ ಮೂರನೆಯದಕ್ಕೆ ಕಟ್ಟಿದ್ದಾಳೆ. ಆದರೂ ಸುಳ್ಳು ಹೇಳುವುದಿಲ್ಲ, ಪತ್ರ ಓದಿ ನಿನ್ನ ಮಾತೇ ಸರಿ ಎನಿಸಿತು ನನಗೆ. ಮಾವನ ಎದುರು ಕೂರಲಿಕ್ಕೆ ಅಂಜುವವಳು ಸಾವಿರ ಜನರೆದುರು ಏನು ಮಾಡಿಯಾಳು? ನಮ್ಮ ಮನೆಗೆ ಬಂದು ಮೂರು ವರ್ಷವಾಯಿತು, ನಾನು ಅಂಗಳಕ್ಕೆ ಕಾಲಿಟ್ಟರೆ ಅವಳು ಹಿಡಿದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಾಳೆ. ನೀನು ಮಿಲಿಟರಿ ಕ್ಯಾಂಟೀನಿನಿಂದ ತಂದುಕೊಟ್ಟ ಮಡಚುವ ಕುರ್ಚಿ ನನ್ನದು. ಅದರ ಧೂಳು ಒರೆಸುವುದಷ್ಟೇ ಅವಳದು.

ಇನ್ನೊಂದು ಕಾರಣ ನನ್ನ ಗರ್ವ. ನಿನಗೆ ಗೊತ್ತಿದ್ದದ್ದನ್ನೇ ಮತ್ತೆ ಹೇಳುತ್ತೇನೆ, ಮುಂದಿನದೆಲ್ಲ ಅದಕ್ಕೇ ಅಂಟಿಕೊಂಡಿದೆ. ಮೂವತ್ತು ವರ್ಷ ಜಟ್ಟಿ ಎಂಬ ಈ ನಿನ್ನ ಅಪ್ಪ ಸ್ತ್ರೀಪಾತ್ರ ಮಾಡಿದವನು. ಮೀಸೆ ಬೋಳಿಸಿ, ಸೀರೆಯುಟ್ಟು, ಗಂಡನಿಂದ ದೂರಾದ ರಾಣಿಯಾಗಿ ನಾನು ಅಳಲು ಶುರುಮಾಡಿದರೆ ಬೆಳಂಬಾರದಿಂದ ಅಂಕೋಲೆಯ ಪೇಟೆಯವರೆಗೆ ಒಣಗಿದ ಸೆರಗು ಇರುತ್ತಿರಲಿಲ್ಲ. ಅರವತ್ತಮೂರರಲ್ಲಿ, ನೀನು ಹುಟ್ಟುವ ಹಿಂದಿನ ವರ್ಷ, ಅಂಕೋಲೆಯಲ್ಲಿ ಆಟದ ನಡುವೆಯೇ ಒಬ್ಬ ದೊಡ್ಡ ಮನುಷ್ಯರು ರಂಗಕ್ಕೆ ಹತ್ತಿ ನನಗೆ ಕಂದು ಶಾಲು ಹೊದೆಸಿದರು. ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತಲ್ಲ, ಮೆಚ್ಚಿದವರು ಆಟ ಮುಗಿಯುವವರೆಗೆ ಕಾಯುವುದಿಲ್ಲ. ಅಳುತ್ತಿರುವ ರಾಣಿ ಅಳು ನಿಲ್ಲಿಸಿ ಕೈಮುಗಿದು ಬಹುಮಾನ ತೆಗೆದುಕೊಳ್ಳಬೇಕು, ಕೊಟ್ಟವರ ಹೆಸರು ಮೈಕಿನಲ್ಲಿ ಹೇಳಿಸಿ, ಬಿಟ್ಟಲ್ಲಿಂದ ಮತ್ತೆ ಅಳಬೇಕು. ಆ ಶಾಲು ಹೊದ್ದುಕೊಂಡೇ ನಾನು ಬೆಳಿಗ್ಗೆ ಮನೆಗೆ ಬಂದೆ. ನಿನ್ನ ಅವ್ವಿಯೂ ಹೆಂಗಸರ ಚಾಪೆಯಲ್ಲಿ ಕೂತು ಆಟ ನೋಡಿ ಬಂದವಳು. ಹೇಗಾಯಿತು ಎಂದು ಕೇಳಿದೆ. ಒಲೆಗೆ ಕಟ್ಟಿಗೆ ಒಟ್ಟುತ್ತ, “ಹೆಂಗಸ್ರು ಹಾಂಗೆ ಅಳುದಿಲ್ಲ” ಎಂದಳು. ಅಷ್ಟೇ. ಊರೆಲ್ಲ ಹೊಗಳುವುದನ್ನು ಕಂಡು ಹೊಟ್ಟೆಕಿಚ್ಚು ಎಂದುಕೊಂಡೆ ನಾನು. ಆ ದಿನದ ನಂತರ ನನ್ನ ನಾಟಕದ ಬಗ್ಗೆ ಅವಳು ಬಾಯಿ ಬಿಡಲಿಲ್ಲ. ಏಕೆ ಬಿಡಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ, ಈಗಲೇ ಹೇಳಲು ಕೈ ಬರುವುದಿಲ್ಲ.

ಮೊನ್ನೆ ಭಾನುವಾರ ನಾಲ್ಕು ಗಂಟೆಗೆ ನಾಟಕ. ವಿದ್ಯಾ ತಾಲೀಮಿಗೆಂದು ಶುಕ್ರವಾರವೇ, ಕಾರವಾರಕ್ಕೆ ಹತ್ತಿರವೆಂದು, ತವರಿಗೆ ಹೋಗಿದ್ದಳು. ಶುರುವಾಗುವ ಮೊದಲೇ ಮುಟ್ಟಿ ಅವಳನ್ನು ಕರೆದುಕೊಂಡು ಬಂದುಬಿಡುವುದು ನನ್ನ ಹಂಚಿಕೆ. ನಿನ್ನ ಪತ್ರ ಅಂಗಿಯ ಜೇಬಿನಲ್ಲಿ, ಡಾಂಬರ ಗುಳಿಗೆ ವಾಸನೆಯ ಆ ಕಂದು ಶಾಲು ಹೆಗಲ ಮೇಲೆ. ನಾನೂ ಒಬ್ಬ ಕಲಾವಿದ ಎಂದು ಕಾರವಾರದವರಿಗೆ ತಿಳಿಯಲಿ ಎಂದು. ನಿನ್ನ ಅವ್ವಿ ನಾನೂ ಬರುತ್ತೇನೆ ಎಂದು ಹೊರಟು ನಿಂತಳು. ಬೇಡ ಎಂದೆ, ಅವಳಾಗಲೇ ಚಪ್ಪಲಿ ಮೆಟ್ಟಿಯಾಗಿತ್ತು. ಬಸ್ಸು ಬಿಣಗಾ ಘಟ್ಟದಲ್ಲಿ ಕೆಟ್ಟು ನಿಂತು ಮುಕ್ಕಾಲು ಗಂಟೆ ತಿಂದಿತು. ನಾವು ನಾಟಕವಿದ್ದ ಶಾಲೆಯ ಸಭಾಂಗಣ ಮುಟ್ಟುವ ಹೊತ್ತಿಗೆ ಪರದೆ ಸರಿದಾಗಿತ್ತು. ನಡೆಯುವ ಆಟ ನಿಲ್ಲಿಸಲು ನಾನು ಅಷ್ಟು ಕೆಟ್ಟ ಕಲಾವಿದನಲ್ಲ. ಮುಗಿದ ಮೇಲೆ ನೋಡಿಕೊಳ್ಳೋಣ ಎಂದು ಎರಡನೇ ಸಾಲಿನಲ್ಲಿ ಕೂತೆವು.

ಮೊದಲು ನನಗೆ ನಗು ಬಂತು. ಹಾರ್ಮೋನಿಯಂ ಇಲ್ಲ, ಬಣ್ಣದ ಪರದೆ ಇಲ್ಲ, ರಂಗದ ಮೇಲೆ ಮೂರು ಒಲೆಗಲ್ಲು, ಒಂದು ಪಾತ್ರೆ, ಒಂದು ಕುರ್ಚಿ. ಇಷ್ಟೇ ಇಟ್ಟುಕೊಂಡು ನಮ್ಮೂರಲ್ಲಿ ಆಟ ಮಾಡಿದ್ದರೆ ಜನ ಚಾಪೆ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದರು. ಪಾತ್ರ ಮಾಡುವವರೆಲ್ಲ ವಿದ್ಯಾಗೆ ಕಲಿಸುವ ಜಾನಕಿ ಅಕ್ಕೋರ ಹಿಂದಿ ತರಗತಿಯ ಹೆಂಗಸರು. ಗಂಡನ ಪಾತ್ರವೂ ಹೆಂಗಸಿನದೇ, ಹೀರಾ ಎಂಬ ದಾದಿ, ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ನಿಂತಿದ್ದಳು. ಕಾಲ ಹೇಗೆ ತಿರುಗಿತು ನೋಡು, ನಾನು ಮೀಸೆ ಬೋಳಿಸಿ ಹೆಣ್ಣಾದೆ, ಅವಳು ಮೀಸೆ ಬರೆದುಕೊಂಡು ಗಂಡಾದಳು. ನನಗೆ ಹಿಂದಿ ಬಾರದು. ಪಕ್ಕದಲ್ಲಿದ್ದ ನಿವೃತ್ತ ಮಾಸ್ತರರೊಬ್ಬರು ಕೊಂಕಣಿಯಲ್ಲಿ ಅರ್ಥ ಹೇಳುತ್ತ ಹೋದರು. ನಾಟಕದ ಹೆಸರು ‘ಮೈಂ ಭೀ ಬೈಠೂಂಗೀ’, ನಾನೂ ಕೂರುತ್ತೇನೆ ಎಂದು. ಶಾಲೆ ಬಿಡಿಸಿದ ಹುಡುಗಿಯೊಬ್ಬಳು ಬಂದು ಹೋದಳು, ಗಂಡ ಸತ್ತವಳೊಬ್ಬಳು ಬಂದಳು. ಚೆನ್ನಾಗಿಯೇ ಮಾಡಿದರು, ಆದರೆ ನಾನು ಬೆನ್ನು ಹಿಂದಕ್ಕೆ ಒರಗಿಸಿಕೊಂಡೇ ಕೂತಿದ್ದೆ. ಆಮೇಲೆ ನಿನ್ನ ಹೆಂಡತಿ ಒಲೆಯ ಮುಂದೆ ಬಂದು ಕೂತಳು.

ಪ್ರಕಾಶಾ, ಮುಂದಿನದನ್ನು ಹೇಗೆ ಬರೆಯಲಿ? ಅವಳು ಏನೂ ಮಾಡಲಿಲ್ಲ. ಬರಿಯ ಪಾತ್ರೆಯಲ್ಲಿ ಅನ್ನ ಕುದಿಸಿದಳು. ಬೆಂಕಿ ಇಲ್ಲದ ಒಲೆಯನ್ನು ಊದಿದಳು, ನನ್ನ ಕಣ್ಣಿಗೆ ಹೊಗೆ ಹೋಯಿತು. ನಾನು ಹೆಣ್ಣಾಗಿ ನಡೆಯಲು ಎರಡು ವರ್ಷ ಕಲಿತೆ, ಸೊಂಟ ಹೀಗೆ, ಕತ್ತು ಹೀಗೆ ಎಂದು ಗುರುಗಳು ಬೆತ್ತ ಹಿಡಿದು ಕಲಿಸಿದರು. ಇವಳು ಸುಮ್ಮನೆ ಕೂತಿದ್ದಳು, ಅದರಲ್ಲೇ ಎಲ್ಲ ಇತ್ತು. ಗಂಡ ಬಂದ, ಯಾವುದೋ ಮಾತಿಗೆ ರೇಗಿದ, ಕೈ ಎತ್ತಿದ. ಇಲ್ಲಿ ನಾನಾಗಿದ್ದರೆ ರಂಗದ ನಡುವೆ ಬಿದ್ದು, ಕೂದಲು ಕೆದರಿ, ದೇವರನ್ನು ಕರೆದು, ಹತ್ತು ನಿಮಿಷ ಅಳುತ್ತಿದ್ದೆ. ಅವಳು ಅಳಲಿಲ್ಲ. ಹೊಡೆತ ಬರುವ ಮೊದಲೇ ಅವಳ ಎಡಗೈ ಎಡಗಿವಿಯನ್ನು ಮುಚ್ಚಿತು, ಬಲಗೈ ಉಕ್ಕುವ ಪಾತ್ರೆಯ ಮುಚ್ಚಳ ಸರಿಸಿತು. ಎರಡೂ ಒಟ್ಟಿಗೆ. ಹೊಡೆತ ತಿನ್ನುವವಳಿಗೆ ಅನ್ನ ಉಕ್ಕಿ ಹೋದೀತೆಂಬ ಚಿಂತೆ. ಮಾಸ್ತರರು ಅರ್ಥ ಹೇಳಲು ಬಗ್ಗಿದರು, ಕೈ ಅಡ್ಡ ಹಿಡಿದು ಸುಮ್ಮನಿರಿಸಿದೆ. ಇಂಥದ್ದನ್ನು ನಾನು ಯಾವ ರಂಗದ ಮೇಲೂ ಕಂಡಿಲ್ಲ, ಯಾವ ಗುರುವೂ ಇದನ್ನು ಕಲಿಸಲಾರ. ಆ ಬೆರಗಿನಲ್ಲೇ ನಿನ್ನ ಅವ್ವಿಯ ಕಡೆ ತಿರುಗಿದೆ. ಅವಳ ಎಡಗೈಯೂ ಅವಳ ಎಡಗಿವಿಯ ಮೇಲಿತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲ. ರಂಗದಿಂದ ಕಣ್ಣು ತೆಗೆಯದೆ ಒಂದೇ ಮಾತು ಹೇಳಿದಳು.

“ಹೀಂಗೆ.”

ಇಪ್ಪತ್ತೊಂಬತ್ತು ವರ್ಷದ ಹಿಂದೆ ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಈಗ ಮುಗಿಸಿದಳು. ನಿಲ್ಲಿಸಿದವನು ನಾನು. ಶಾಲು ಹೊದ್ದುಕೊಂಡು ಬಂದ ಆ ಬೆಳಿಗ್ಗೆ, ಹೆಂಗಸರು ಹಾಗೆ ಅಳುವುದಿಲ್ಲ ಎಂದದ್ದಕ್ಕೆ, ಅವಳ ಕಿವಿಗೆ ಬೀಸಿ ಹೊಡೆದೆ. ಓಲೆ ಹರಿದುಕೊಂಡು ಬಂತು. ಅವಳ ಎಡಗಿವಿ ಇವತ್ತಿಗೂ ಬರಿದು. ಬಾವಿಯ ಹಗ್ಗ ತಾಗಿ ಹರಿಯಿತು ಎಂದು ಅವಳೇ ಊರಿಗೆಲ್ಲ ಹೇಳಿದಳು, ನಿನಗೂ ಹಾಗೇ ಹೇಳಿ ಬೆಳೆಸಿದಳು. ರಾತ್ರಿಯೆಲ್ಲ ನೊಂದ ಹೆಣ್ಣಾಗಿ ಊರನ್ನು ಅಳಿಸಿದವನು ಬೆಳಿಗ್ಗೆ ಮನೆಗೆ ಬಂದು ಮಾಡಿದ್ದು ಇದು. ಊರಿಗೆ ಉಪಕಾರಿ, ಮನೆಗೆ ಮಾರಿ. ಅಳುವ ಗಂಡಸನ್ನು ನಂಬಬಾರದು ಎನ್ನುತ್ತಾರಲ್ಲ, ಆ ಗಾದೆ ನನಗೇ ಹೊಲಿಸಿದ ಅಂಗಿ. ಇನ್ನು ನಿನ್ನ ವಿಷಯ. ಕಳೆದ ದೀಪಾವಳಿಗೆ ಬಂದಿದ್ದ ನೀನು ಹೋದ ಮಾರನೇ ದಿನ ವಿದ್ಯಾಳ ಎಡಗಿವಿಗೆ ಅರಿಶಿನ ಮೆತ್ತಿತ್ತು. ಏನಾಯಿತು ಎಂದು ಕೇಳಿದೆ. ಬಾವಿಯ ಹಗ್ಗ ತಾಗಿತು ಎಂದಳು. ಅದು ನಮ್ಮ ಮನೆಯ ಸುಳ್ಳು ಮಗನೇ, ನಿನ್ನ ಅವ್ವಿಯಿಂದ ಅವಳಿಗೆ ಬಂದದ್ದು. ಕೇಳಿದ ಕೂಡಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗಿತ್ತು. ಎಲೆ ಅಡಿಕೆ ಹಾಕಿಕೊಂಡು ಹೊಲಕ್ಕೆ ಹೋದೆ.

ನಾಟಕದ ಕೊನೆಗೆ ಆ ಹೆಣ್ಣು ಒಲೆಯ ಮುಂದಿನಿಂದ ಎದ್ದು ಬಂದು ಗಂಡನ ಕುರ್ಚಿಯಲ್ಲಿ ಕೂತುಬಿಡುತ್ತಾಳೆ. ಆ ಮನೆಯಲ್ಲಿ ಅವನೊಬ್ಬನೇ ಕೂರುವ ಕುರ್ಚಿ ಅದು. ಹೀರಾ ಬಂದು, ಏಳು ಎಂದು ಗದರಿಸಿದಳು. ವಿದ್ಯಾ ಅವಳನ್ನೇ ನೋಡುತ್ತ ಕೂತಳು, ಮುಖದಲ್ಲಿ ಸಿಟ್ಟಿಲ್ಲ. ಆಗ ನನಗೆ ಏನಾಯಿತೋ, ಮೂವತ್ತು ವರ್ಷದ ಚಾಳಿ, ಕಾಲು ತಾನೇ ಎದ್ದಿತು. ಇಂಥ ಆಟ ಕಂಡ ಮೇಲೆ ಸುಮ್ಮನೆ ಕೂರುವುದು ನಮ್ಮ ಬೆಳಂಬಾರದವರಿಗೆ ಬರುತ್ತದೆಯೇ? ಹೆಗಲಿನ ಶಾಲು ಕೈಗೆ ತೆಗೆದುಕೊಂಡು, ಪಕ್ಕದ ಮೆಟ್ಟಿಲು ಹತ್ತಿ, ನಡು ರಂಗಕ್ಕೆ ನಡೆದುಹೋದೆ. ಕಾರವಾರದಲ್ಲಿ ಈ ಪದ್ಧತಿ ಇಲ್ಲ, ಇದು ಆ ತರಹದ ನಾಟಕವಲ್ಲ ಎಂಬುದು ಹೊಳೆದದ್ದು ದೀಪದ ಬೆಳಕು ಕಣ್ಣಿಗೆ ಕುಕ್ಕಿದ ಮೇಲೆ. ಹೀರಾ ಎತ್ತಿದ ಕೈ ಎತ್ತಿದಲ್ಲೇ ಇಟ್ಟುಕೊಂಡು ನನ್ನನ್ನು ನೋಡಿದಳು. ಪರದೆಯ ಮರೆಯಲ್ಲಿ ಅಕ್ಕೋರು ಎರಡೂ ಕೈಯಲ್ಲಿ ಹೋಗಿ ಹೋಗಿ ಎಂದು ಸನ್ನೆ ಮಾಡುತ್ತಿದ್ದರು. ಮಾವನ ಎದುರು ಎಂದೂ ಕೂರದ ಸೊಸೆ ಕುರ್ಚಿಯಲ್ಲಿ, ಮಾವ ಎದುರಿಗೆ ನಿಂತಿದ್ದಾನೆ. ಇನ್ನೇನು ಇವಳು ಏಳುತ್ತಾಳೆ, ತಲೆಯ ಮೇಲೆ ಸೆರಗು ಎಳೆಯುತ್ತಾಳೆ, ಇಷ್ಟು ದಿನದ ಇವರ ಕಷ್ಟವೆಲ್ಲ ನನ್ನ ಹೆಡ್ಡತನದಿಂದ ನೀರುಪಾಲಾಯಿತು ಎಂದುಕೊಂಡೆ. ನಾನು ಮುಖ ನೋಡಲಿಲ್ಲ, ಕಾಲು ನೋಡಿದೆ. ಮುಖ ಸುಳ್ಳು ಹೇಳಬಹುದು, ಪಾತ್ರಧಾರಿಯ ಕಾಲು ಹೇಳುವುದಿಲ್ಲ. ಅವಳ ಹಿಮ್ಮಡಿ ನೆಲ ಬಿಟ್ಟು ಮೇಲೆ ಬಂತು, ಬೆರಳು ನೆಲಕ್ಕೆ ಒತ್ತಿತು. ಏಳುವ ಕಾಲು ಅದು. ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಟ್ಟಳು, ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದಳು. ಏಳಲಿಲ್ಲ.

ನಾನು ದೇವರೆದುರು ನಿಂತಾಗಲೂ ಅಷ್ಟು ಸಣ್ಣವನಾಗಿದ್ದಿಲ್ಲ, ಅಷ್ಟು ಸಂತೋಷವೂ ಆಗಿದ್ದಿಲ್ಲ. ಸೊಸೆಯ ಮೈ ಮುಟ್ಟಿ ಶಾಲು ಹೊದೆಸುವ ಹಾಗಿಲ್ಲ. ಕುರ್ಚಿಯ ಕೈ ಮೇಲೆ ಅದನ್ನು ಇಟ್ಟೆ, ಕೈಮುಗಿದೆ, ಬಂದ ಮೆಟ್ಟಿಲಿನಿಂದಲೇ ಇಳಿದೆ. ಸಭೆಗೆ ಇದೂ ನಾಟಕದ್ದೇ ಎನಿಸಿತು, ಮನೆಯ ಹಿರಿಯ ಬಂದು ಒಪ್ಪಿದ ಎಂದುಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಳಗೆ ಬಂದಾಗ ಮಾಸ್ತರರು, ನಿಮ್ಮ ಪಾತ್ರ ಸಣ್ಣದಾದರೂ ಬಹಳ ಸಹಜವಾಗಿತ್ತು ಎಂದು ನನ್ನ ಕೈ ಕುಲುಕಿದರು. ನಾನು ತಿದ್ದಲು ಹೋಗಲಿಲ್ಲ. ಹೊಗಳಿಕೆ ಬಂದರೆ ಬೇಡ ಎನ್ನುವ ಜಾಯಮಾನ ನನ್ನದಲ್ಲ, ನಿನಗೆ ಗೊತ್ತು. ಮುಗಿದ ಮೇಲೆ ವಿದ್ಯಾ ಬಣ್ಣ ತೊಳೆದು ಹೊರಗೆ ಬಂದಳು, ತಲೆಯ ಮೇಲೆ ಸೆರಗು, ಕಣ್ಣು ನೆಲದ ಮೇಲೆ, ಮತ್ತೆ ನಮ್ಮ ಮನೆಯ ಸೊಸೆ. “ಮಾವ, ನೀವು ಬಂದಾಗ ಏಳ್ದೆ ಕೂತೆ. ತಪ್ಪಾಯ್ತು” ಎಂದಳು. “ಎದ್ದಿದ್ರೆ ತಪ್ಪಾಗ್ತಿತ್ತು ಮಗಾ” ಎಂದೆ. ಅಳು ಬಂತು, ಆದರೆ ರಂಗದ ಮೇಲಿನ ಹಾಗೆ ಬರಲಿಲ್ಲ. ನಿನ್ನ ಅವ್ವಿ ನೋಡಿದಳು, ತನ್ನ ಸೆರಗಿನ ತುದಿ ನನ್ನ ಕಡೆ ಚಾಚಿದಳು.

ನಾಟಕ ನಿಲ್ಲಿಸು ಎಂದು ಬರೆದಿದ್ದೆಯಲ್ಲ. ನಿಲ್ಲುವುದಿಲ್ಲ. ಮೇ ತಿಂಗಳ ಎರಡನೇ ಭಾನುವಾರ ಅದೇ ನಾಟಕ ನಮ್ಮೂರ ಶಾಲೆಯ ಅಂಗಳದಲ್ಲಿ ಆಗುತ್ತದೆ, ನಾನೇ ಅಕ್ಕೋರಿಗೆ ವೀಳ್ಯ ಕೊಟ್ಟು ಬಂದಿದ್ದೇನೆ. ಶಾಲು ಇಡುವ ಮುದುಕನ ಪಾತ್ರವನ್ನು ಇನ್ನು ಮೇಲೆ ಕಾಯಂ ಇಟ್ಟುಕೊಳ್ಳುತ್ತೇವೆ, ನೀವೇ ಮಾಡಬೇಕು ಎಂದಿದ್ದಾರೆ. ನಮ್ಮೂರಲ್ಲಿ ಹಿಂದಿ ಯಾರಿಗೆ ತಿಳಿಯುತ್ತದೆ ಎಂದು ನಾಟಕ ಮಂಡಳಿಯವರು ಮೂಗು ಮುರಿದರು. ನನಗೂ ತಿಳಿಯಲಿಲ್ಲ, ಆದರೆ ಎಲ್ಲ ತಿಳಿಯಿತು ಎಂದೆ. ಹಿಂದಿ ತರಗತಿಯೂ ನಡೆಯುತ್ತದೆ. ಮೂರನೇ ಪರೀಕ್ಷೆ ಪಾಸಾದರೆ ಚಿಕ್ಕ ಮಕ್ಕಳಿಗೆ ಹಿಂದಿ ಕಲಿಸಬಹುದು ಎಂದು ಅಕ್ಕೋರು ಹೇಳುತ್ತಾರೆ. ನೀನು ಓದು ಕಲಿತವನು, ಹೆಚ್ಚು ಹೇಳಬೇಕಿಲ್ಲ. ಮೈ ಕೈ ಜೋಪಾನ. ಕೆಮ್ಮು ಹೋಗದಿದ್ದರೆ ಡಾಕ್ಟರರಿಗೆ ತೋರಿಸು. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಗ್ರಾಮದೇವತೆ ನಿನ್ನನ್ನು ಚೆನ್ನಾಗಿಟ್ಟಿರಲಿ, ಬುದ್ಧಿಯನ್ನೂ ಕೊಡಲಿ.

ಇಂತಿ ನಿನ್ನ ಅಪ್ಪ,
ಜಟ್ಟಿ

ತಾ.ಕ.: ಪಕ್ಕದ ಮನೆಯ ಮಂಗೇಶ ಸೈಕಲ್ಲು ಹಿಡಿದು ಅಂಗಳದಲ್ಲೇ ನಿಂತಿದ್ದಾನೆ, ಟಪಾಲು ಹೋಗುವ ಮೊದಲು ಅಂಕೋಲೆ ಮುಟ್ಟಿಸಬೇಕು. ಅದಕ್ಕೆ ಬೇಗ ಬೇಗ ಹೇಳುತ್ತೇನೆ. ನಿನ್ನ ಪತ್ರವನ್ನು ಸೋಮವಾರ ಇಬ್ಬರೂ ಹೆಂಗಸರೆದುರು ಗಟ್ಟಿಯಾಗಿ ಓದಿದೆ. ವಿದ್ಯಾ ತವರಿಗೆ ಹೋಗುವುದಿಲ್ಲ. ನೀನು ರಜೆಗೆ ಬರುವ ಮೊದಲು ಒಂದು ಪತ್ರ ಬರೆಯಬೇಕು, ನನಗಲ್ಲ, ಅವಳಿಗೆ. ಹಿಂದಿಯಲ್ಲಿ ಬರೆದರೂ ಆಗುತ್ತದೆ, ಓದುತ್ತಾಳೆ. ಕಿವಿಯ ವಿಷಯ ಬರೆ, ಹಗ್ಗದ ಹೆಸರು ಹೇಳಬೇಡ. ಅವಳು ಓದಿ, ಬರಲಿ ಎಂದರೆ ಮನೆಗೆ ಬಾ. ಅನ್ನದಿದ್ದರೆ ರಜೆಯಷ್ಟೂ ದಿನ ಮಂಗೇಶನ ಮನೆಯಲ್ಲಿ ಉಳಿ, ಅವನಿಗೆ ಹೇಳಿಟ್ಟಿದ್ದೇನೆ, ಊಟ ನಾನು ತಂದುಕೊಡುತ್ತೇನೆ. ನಾನು ನಿನ್ನ ಅವ್ವಿಗೆ ಹೇಳಬೇಕಾದ್ದನ್ನು ಮೊನ್ನೆ ಹೇಳಿದೆ, ಇಪ್ಪತ್ತೊಂಬತ್ತು ವರ್ಷ ತಡವಾಗಿ. ಅವಳು ಮೀನು ಹೆಚ್ಚುತ್ತ ‘ಹೂಂ’ ಎಂದಳು, ಅಷ್ಟೇ. ನೀನು ಅಷ್ಟು ತಡಮಾಡಬೇಡ. ಅಕ್ಷರ ಸೊಟ್ಟಗಾಗಿರುವುದು ನೆಲದ ಮೇಲೆ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದದ್ದಕ್ಕೆ. ಕುರ್ಚಿಯಲ್ಲಿ ನಿನ್ನ ಅವ್ವಿ ಕೂತಿದ್ದಾಳೆ.